ಮುಳ್ಳಿಲ್ಲದ ಜಾಲಿ

ಮಲೆನಾಡಿನ ರಸ್ತೆಬದಿಯ ಅಕೇಶಿಯಾ ಮರದ ಎಲೆ ಹೇಗಿರುತ್ತದೆ ಎಂದು ಕೇಳಿದರೆ ಯಾರಾದರೂ ಹೇಳಿಯಾರು: ಕುಡುಗೋಲಿನ ಹಾಗೆ ಬಾಗಿರುತ್ತದೆ, ಗಡಸು, ಉದುರಿದ ಮೇಲೆ ಬೇಗ ಕೊಳೆಯುವುದಿಲ್ಲ. ಎಂಬತ್ತರ ದಶಕದಲ್ಲಿ ಶಾಲೆಗೆ ಹೋದ ನಾವು ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಆ ಸಸಿಗಳನ್ನು ಸಾಲಾಗಿ ನೆಟ್ಟವರು. ಕೊಟ್ಟಿಗೆಗೆ ದರಗು ಗುಡಿಸಿ ತರುತ್ತಿದ್ದ ನಮ್ಮ ಅಜ್ಜಿ ಆ ಮರದ ಬುಡಕ್ಕೆ ಮಾತ್ರ ಹೋಗುತ್ತಿರಲಿಲ್ಲ. "ಅದು ಎಲೆಯೇ ಅಲ್ಲ ಮಾರಾಯ" ಎನ್ನುತ್ತಿದ್ದಳು. ಸಿಟ್ಟಿನಲ್ಲಿ ಆಡಿದ ಆ ಮಾತು ಸಸ್ಯಶಾಸ್ತ್ರದ ಪ್ರಕಾರ ಅಕ್ಷರಶಃ ನಿಜ ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ನಂತರ.

ಆ ಬೀಜ ಮೊಳೆಯುವುದನ್ನು ನೋಡಬೇಕು. ಮೊದಲು ಬರುವುದು ನಮ್ಮ ಜಾಲಿಯ ಎಲೆಯಂಥದೇ ಪುಟ್ಟ ಗರಿಯೆಲೆ. ಮುಂದಿನ ಎಲೆಗಳಲ್ಲಿ ತೊಟ್ಟು ಸ್ವಲ್ಪ ಸ್ವಲ್ಪವೇ ಅಗಲವಾಗುತ್ತದೆ, ಗರಿ ಸಣ್ಣದಾಗುತ್ತದೆ. ಕೆಲವೇ ವಾರಗಳಲ್ಲಿ ಗರಿ ಇಲ್ಲವಾಗಿ, ಚಪ್ಪಟೆಯಾದ ತೊಟ್ಟು ಮಾತ್ರ ಎಲೆಯ ಕೆಲಸಕ್ಕೆ ನಿಲ್ಲುತ್ತದೆ. ಇದಕ್ಕೆ ಫಿಲ್ಲೋಡ್ ಎಂದು ಹೆಸರು. ಅದು ಆಕಾಶಕ್ಕೆ ಮುಖ ಮಾಡದೆ ಅಂಚನ್ನು ಮೇಲೆ ಮಾಡಿ ಜೋತುಬೀಳುವುದರಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ತಾಗುವುದಿಲ್ಲ, ನೀರು ಉಳಿಯುತ್ತದೆ. ಬರಗಾಲದ ನೆಲವಾದ ಆಸ್ಟ್ರೇಲಿಯಾದಲ್ಲಿ ಈ ಮರಗಳು ಕಲಿತುಕೊಂಡ ವಿದ್ಯೆ ಇದು. ಅಲ್ಲಿ ಇವನ್ನು ವಾಟಲ್ ಎನ್ನುತ್ತಾರೆ. ಸಾವಿರದಷ್ಟು ಜಾತಿಗಳಿವೆ. ನಮ್ಮ ರಸ್ತೆಬದಿಯದು ಅವುಗಳಲ್ಲಿ ಒಂದು, ಅಕೇಶಿಯಾ ಆರಿಕ್ಯುಲಿಫಾರ್ಮಿಸ್. ಹೆಸರಿನ ಅರ್ಥ ಕಿವಿಯಾಕಾರದ್ದು ಎಂದು. ಕಿವಿಯಂತೆ ಸುರುಳಿ ಸುತ್ತಿಕೊಂಡ ಅದರ ಕಾಯಿ ನೋಡಿದರೆ ಹೆಸರಿಟ್ಟವರು ಎಲೆಯನ್ನಲ್ಲ, ಕಾಯಿಯನ್ನು ನೋಡಿದರು ಎಂದು ತಿಳಿಯುತ್ತದೆ.

ಒಂದು ಮರವನ್ನು ಗುರುತು ಹಿಡಿಯುವುದೆಂದರೆ ಇಷ್ಟೇ: ಅದರಲ್ಲಿ ನಮಗೆ ಬೇಕಾದದ್ದನ್ನು ಮೊದಲು ನೋಡುವುದು. ವಾಟಲ್‌ನ ಇತಿಹಾಸವೇ ಇದಕ್ಕೆ ಸಾಕ್ಷಿ. ಒಬ್ಬರು ಅದರಲ್ಲಿ ಗೋಡೆ ಕಂಡರು, ಇನ್ನೊಬ್ಬರು ಚರ್ಮ ಹದಮಾಡುವ ತೊಗಟೆ ಕಂಡರು, ಮತ್ತೊಬ್ಬರು ದೇಶವನ್ನೇ ಕಂಡರು.

ಗೋಡೆಯಿಂದ ಶುರುಮಾಡೋಣ. 1788ರ ಜನವರಿಯಲ್ಲಿ ಹನ್ನೊಂದು ಹಡಗುಗಳಲ್ಲಿ ಕೈದಿಗಳನ್ನೂ ಕಾವಲುಗಾರರನ್ನೂ ತುಂಬಿಕೊಂಡು ಬ್ರಿಟಿಷರು ಈಗಿನ ಸಿಡ್ನಿಯಲ್ಲಿ ಇಳಿದರು. ತಲೆಯ ಮೇಲೆ ಸೂರು ಬೇಕಿತ್ತು. ಊರಲ್ಲಿ ಗೊತ್ತಿದ್ದ ಅಗ್ಗದ ವಿದ್ಯೆಯನ್ನೇ ಮಾಡಿದರು: ಸಪೂರ ಕೋಲುಗಳನ್ನು ಹೆಣೆದು ತಡಿಕೆ ಕಟ್ಟಿ, ಮೇಲೆ ಮಣ್ಣು ಮೆತ್ತುವುದು. ನಮ್ಮಲ್ಲೂ ಇಂಥ ತಡಿಕೆಗೋಡೆಗಳ ಮನೆಗಳಿದ್ದವು. ಇಂಗ್ಲಿಷಿನಲ್ಲಿ ಆ ತಡಿಕೆಗೆ ವಾಟಲ್ ಎಂದು ಹೆಸರು. ಹಾಗಾಗಿ ಕೋಲು ಕೊಟ್ಟ ಗಿಡ ವಾಟಲ್ ಗಿಡವಾಯಿತು. ತಡಿಕೆಮರ ಎಂದ ಹಾಗೆ.

ಇಲ್ಲಿ ಒಂದು ತಮಾಷೆಯಿದೆ. ಕಡಲಂಚಿನ ತೊರೆಗಳ ಪಕ್ಕದಲ್ಲಿ ಅವರು ಕಡಿದು ಕರಿವಾಟಲ್ ಎಂದು ಕರೆದ ಗಿಡ ಅಕೇಶಿಯಾ ಆಗಿರಲೇ ಇಲ್ಲ. ಅದು ಕ್ಯಾಲಿಕೋಮ ಎಂಬ ಬೇರೆಯೇ ಕುಲದ ಗಿಡ. ಸಿಡ್ನಿಯ ಬ್ಲ್ಯಾಕ್‌ವಾಟಲ್ ಕೊಲ್ಲಿಗೆ ಇವತ್ತಿಗೂ ಅದರದೇ ಹೆಸರು. ಎಲೆ ನೋಡಿದ್ದರೆ ಯಾರೂ ಮೋಸಹೋಗುತ್ತಿರಲಿಲ್ಲ. ಕ್ಯಾಲಿಕೋಮದ ಎಲೆಗೆ ಗರಗಸದಂಥ ಅಂಚು, ಎಲೆಗಳು ಕಡ್ಡಿಯ ಮೇಲೆ ಎದುರುಬದುರು ಜೋಡಿಯಾಗಿ ಹುಟ್ಟುತ್ತವೆ; ವಾಟಲ್‌ನಲ್ಲಿ ಒಂದಾದಮೇಲೊಂದು, ಆ ಬದಿ ಈ ಬದಿ. ಆದರೆ ಎರಡರ ಹೂವೂ ನಯವಾದ ಎಳೆಗಳ ಪುಟ್ಟ ಚೆಂಡು. ಕೋಲೂ ಒಂದೇ ಥರ ಬಳುಕುತ್ತದೆ. ಗೋಡೆ ಕಟ್ಟುವವನಿಗೆ ಅಷ್ಟು ಸಾಕು. ಹೆಸರು ಮೆಲ್ಲಗೆ ಅಕೇಶಿಯಾಗಳ ಮೇಲೆ ಹರಡಿ ಅಲ್ಲೇ ನಿಂತಿತು. ಮೊದಲು ಹೆಸರು ಪಡೆದ ಕ್ಯಾಲಿಕೋಮವನ್ನು ಈಗ ತೋಟಗಾರಿಕೆಯವರು ಬಿಟ್ಟರೆ ಕೇಳುವವರು ಕಡಿಮೆ.

ಆ ನೆಲದ ಮೂಲನಿವಾಸಿಗಳಿಗೆ ಇವು ಹೆಸರಿಲ್ಲದ ಮರಗಳಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಒಳನಾಡಿನ ಮಲ್ಗ, ಪೂರ್ವದ ಮಯಾಲ್, ಇವೆಲ್ಲ ಅವರ ನುಡಿಗಳಿಂದಲೇ ಇಂಗ್ಲಿಷಿಗೆ ಬಂದ ಹೆಸರುಗಳು. ಅವರು ಬೀಜವನ್ನು ಕಲ್ಲಿನಲ್ಲಿ ಅರೆದು ಹಿಟ್ಟು ಮಾಡಿ ಉಣ್ಣುತ್ತಿದ್ದರು, ಅಂಟು ತಿನ್ನುತ್ತಿದ್ದರು, ಗಟ್ಟಿ ಮರದಿಂದ ಬೂಮರಾಂಗ್ ಕೆತ್ತುತ್ತಿದ್ದರು. ಬೀಜ ಉಣ್ಣುವವರಿಗೆ ಯಾವ ಮರದ ಕಾಯಿ ಯಾವಾಗ ಬಲಿಯುತ್ತದೆ ಎಂದು ಗೊತ್ತಿರಲೇಬೇಕಲ್ಲವೇ.

ಹತ್ತೊಂಬತ್ತನೆಯ ಶತಮಾನ ತೊಗಟೆಯ ಕಾಲ. ಚರ್ಮ ಹದಮಾಡಲು ಟ್ಯಾನಿನ್ ಬೇಕು. ನಮ್ಮ ಸಮಗಾರರು ಅದನ್ನು ತಂಗಡಿ ಗಿಡದ ತೊಗಟೆಯಿಂದಲೂ ಜಾಲಿಯ ತೊಗಟೆಯಿಂದಲೂ ಪಡೆಯುತ್ತಿದ್ದರು. ಕರಿವಾಟಲ್‌ನ ಒಣತೊಗಟೆಯಲ್ಲಾದರೋ ಸುಮಾರು ಮೂರನೆಯ ಒಂದು ಪಾಲು ಟ್ಯಾನಿನ್ನೇ. ಈ ಸಲದ ಕರಿವಾಟಲ್ ನಿಜವಾದ ಅಕೇಶಿಯಾ. ಆಗ್ನೇಯ ಆಸ್ಟ್ರೇಲಿಯಾದ್ದು, ಎಳೆಯದರಲ್ಲಿ ನುಣುಪು ತೊಗಟೆ, ಮುದಿಯಾದಾಗ ಕಪ್ಪಾಗಿ ಬಿರುಕು ಬಿಡುತ್ತದೆ. ಆಸ್ಟ್ರೇಲಿಯಾದಲ್ಲಿ ಕಾಡಿನ ಮರಗಳನ್ನು ಸುಲಿದು ಮುಗಿಸುತ್ತಿದ್ದ ಹೊತ್ತಿಗೆ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಅದರ ತೋಟಗಳೇ ಎದ್ದವು, ಆಮೇಲೆ ಕೀನ್ಯಾದಲ್ಲಿ. ಆಫ್ರಿಕಾದ ಆ ತೊಗಟೆ ಮದ್ರಾಸಿನ ಚರ್ಮದ ಮಂಡಿಗಳಿಗೂ ಬಂತು.

ಈ ಮರದ ಶಾಸ್ತ್ರೀಯ ಹೆಸರಿನ ಕತೆ ಕೇಳಿ. ನೂರು ವರ್ಷ ಇದನ್ನು ತನ್ನ ದಾಯಾದಿಗಳ ಜೊತೆ ಬೆರೆಸಿಯೇ ಹೇಳುತ್ತಿದ್ದರು. ಕೊನೆಗೆ 1925ರಲ್ಲಿ ಬೆಲ್ಜಿಯಂನ ಡಿ ವಿಲ್ಡೆಮಾನ್ ಎಂಬ ವಿದ್ವಾಂಸ ಅದಕ್ಕೆ ಅಕೇಶಿಯಾ ಮಿಯರ್ನ್ಸಿ ಎಂದು ಹೆಸರಿಟ್ಟ. ಆತ ನೋಡಿದ್ದು ಅಮೆರಿಕದ ಸೇನಾವೈದ್ಯ ಎಡ್ಗರ್ ಮಿಯರ್ನ್ಸ್ ಪೂರ್ವ ಆಫ್ರಿಕಾದಲ್ಲಿ ಸಂಗ್ರಹಿಸಿದ ಕಡ್ಡಿಯನ್ನು. ಆಸ್ಟ್ರೇಲಿಯಾದ ಮರ, ಆಫ್ರಿಕಾದಲ್ಲಿ ಕಿತ್ತ ಟೊಂಗೆ, ಅಮೆರಿಕದವನ ಹೆಸರು, ಬೆಲ್ಜಿಯಂನವನ ನಾಮಕರಣ!

ನೀಲಗಿರಿಗೆ ಹೋದವರು ಇದನ್ನು ನೋಡಿಯೇ ಇರುತ್ತಾರೆ. ಉದಕಮಂಡಲಕ್ಕೆ ಬ್ರಿಟಿಷರು ಮೊದಲು ತಂದದ್ದು ಬೆಳ್ಳಿವಾಟಲ್ ಮತ್ತು ಬ್ಲ್ಯಾಕ್‌ವುಡ್, ಸೌದೆಗೂ ನೆರಳಿಗೂ. ಕರಿವಾಟಲ್ ದೊಡ್ಡ ಪ್ರಮಾಣದಲ್ಲಿ ಹಬ್ಬಿದ್ದು ಸ್ವಾತಂತ್ರ್ಯದ ನಂತರ, ಟ್ಯಾನಿನ್‌ಗಾಗಿ ಅರಣ್ಯ ಇಲಾಖೆ ಹುಲ್ಲುಬೆಟ್ಟಗಳಲ್ಲಿ ನೆಟ್ಟಾಗ. ಮೂರನ್ನೂ ಬೇರೆಮಾಡಿ ನೋಡುವುದು ಕಷ್ಟವಲ್ಲ. ಬ್ಲ್ಯಾಕ್‌ವುಡ್‌ಗೆ ಫಿಲ್ಲೋಡ್ ಇರುತ್ತದೆ. ಎಳೆ ಮರವಾದರೆ ಒಂದೇ ಕೊಂಬೆಯಲ್ಲಿ ಗರಿಯೆಲೆಯೂ ಫಿಲ್ಲೋಡೂ ಒಟ್ಟಿಗೆ ಸಿಗುವುದುಂಟು, ಅಜ್ಜಿ ಮೊಮ್ಮಗಳು ಒಂದೇ ಜಗಲಿಯಲ್ಲಿ ಕೂತ ಹಾಗೆ. ಉಳಿದೆರಡಕ್ಕೆ ಜೀವಮಾನವಿಡೀ ಗರಿಯೆಲೆಯೇ. ಬೆಳ್ಳಿವಾಟಲ್‌ನ ಎಲೆಗೆ ಬೂದಿ ಬಳಿದಂಥ ಬಣ್ಣ, ಹೂವು ಕಡುಹಳದಿ. ಕರಿವಾಟಲ್‌ನದು ಗಾಢ ಹಸಿರು, ಹೂವು ಕೆನೆಹಳದಿ. ಇನ್ನೂ ಅನುಮಾನವಿದ್ದರೆ ಗರಿಯೆಲೆಯ ನಡುದಂಟನ್ನು ಬೆರಳಿಂದ ಸವರಿ ಮಸೂರದಲ್ಲಿ ನೋಡಿ. ಅಲ್ಲಿ ಸಣ್ಣ ಗ್ರಂಥಿಗಳಿರುತ್ತವೆ. ಕವಲೊಡೆಯುವ ಜಾಗದಲ್ಲಿ ಮಾತ್ರ ಇದ್ದರೆ ಬೆಳ್ಳಿ. ಎರಡು ಕವಲುಗಳ ನಡುವೆಯೂ ಹೇಗೆ ಬೇಕೋ ಹಾಗೆ ಚೆಲ್ಲಿಕೊಂಡಿದ್ದರೆ ಕರಿವಾಟಲ್.

ತೊಗಟೆಯ ಬೇಡಿಕೆ ಇಳಿಯಿತು. ಮರ ಇಳಿಯಲಿಲ್ಲ. ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಕಾದು, ಬೆಂಕಿ ಬಿದ್ದರೆ ಒಟ್ಟಿಗೆ ಮೊಳೆಯುತ್ತದೆ. ತೊದವರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಬೆಟ್ಟಗಳಲ್ಲಿ ಈಗ ವಾಟಲ್ ಕಾಡು. ಪ್ರವಾಸಿಗರು ಅದರ ಮುಂದೆ ನಿಂತು, ಎಷ್ಟು ಹಸಿರು ಎಂದು ಫೋಟೊ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಂಡವರಲ್ಲಿ ನಾನೂ ಒಬ್ಬ.

ಇನ್ನು ಹೂವು. ವಾಟಲ್ ಹೂವಿನ ಹಳದಿ ದಳದ್ದಲ್ಲ, ಕೇಸರಗಳದ್ದು. ಒಂದು ಚೆಂಡು ಎಂದು ನಾವು ತಿಳಿಯುವುದು ಹತ್ತಾರು ಸಣ್ಣ ಹೂಗಳ ಗುಂಪು. ಕೆಲವು ಜಾತಿಗಳಲ್ಲಿ ಗುಂಪು ಚೆಂಡಾಗಿರುತ್ತದೆ, ಕೆಲವದರಲ್ಲಿ ನಮ್ಮ ರಸ್ತೆಬದಿಯದರಂತೆ ಉದ್ದನೆಯ ತೆನೆ. ಆಸ್ಟ್ರೇಲಿಯಾದವರು ತಮ್ಮದೆಂದು ಆರಿಸಿಕೊಂಡದ್ದು ಚೆಂಡಿನ ಹೂವನ್ನು, ಚಿನ್ನದ ವಾಟಲ್ ಎಂಬ ಅಕೇಶಿಯಾ ಪಿಕ್ನಾಂತವನ್ನು. ಚಳಿ ಮುಗಿಯುವ ಹೊತ್ತಿಗೆ ಅದು ಅರಳುತ್ತದೆ. 1910ರ ಸೆಪ್ಟೆಂಬರ್ 1ರಂದು ಸಿಡ್ನಿ, ಮೆಲ್ಬರ್ನ್, ಅಡಿಲೇಡ್‌ಗಳಲ್ಲಿ ಒಟ್ಟಿಗೆ ವಾಟಲ್ ದಿನ ಆಚರಿಸಿದರು. ಮೊದಲ ಮಹಾಯುದ್ಧದಲ್ಲಿ ಮನೆಯವರು ಒಣಗಿಸಿದ ವಾಟಲ್ ಎಸಳನ್ನು ಕಾಗದದೊಳಗಿಟ್ಟು ಸೈನಿಕರಿಗೆ ಕಳಿಸುತ್ತಿದ್ದರು. 1984ರಲ್ಲಿ ಹಸಿರು ಮತ್ತು ಚಿನ್ನ ರಾಷ್ಟ್ರೀಯ ಬಣ್ಣಗಳಾದವು. ಕ್ರಿಕೆಟ್ಟಿನಲ್ಲಿ ನಮ್ಮನ್ನು ಸಾಕಷ್ಟು ಅಳಿಸಿದ ಆ ಹಳದಿ ಅಂಗಿಯ ಹಿಂದೆ ಇದೇ ಹೂವಿದೆ. 1988ರಲ್ಲಿ ಅದು ಅಧಿಕೃತ ರಾಷ್ಟ್ರೀಯ ಪುಷ್ಪವೂ ಆಯಿತು.

ಹೂವಿನ ಮೇಲಿನ ಈ ಅಭಿಮಾನ ಹೆಸರಿನ ಜಗಳಕ್ಕೂ ಬಂತು. ಆ ಜಗಳ ನಮ್ಮ ಕೆರೆ ಏರಿಯ ಜಾಲಿಯದೂ ಹೌದು. ಅಕೇಶಿಯಾ ಎಂಬ ಮಾತಿನ ಗ್ರೀಕ್ ಬೇರು ಮೊನೆ, ಮುಳ್ಳು ಎಂಬ ಅರ್ಥದ್ದು. ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಆ ಮಾತನ್ನು ಬಳಸಿದ್ದು ಈಜಿಪ್ಟಿನ ಮುಳ್ಳುಮರಕ್ಕೆ. 1754ರಲ್ಲಿ ಇಂಗ್ಲೆಂಡಿನ ಫಿಲಿಪ್ ಮಿಲ್ಲರ್ ಅದನ್ನು ಕುಲದ ಹೆಸರು ಮಾಡಿದಾಗಲೂ ಆ ಕುಲದ ಮಾದರಿಯಾಗಿ ಉಳಿದದ್ದು ಅದೇ ಮರ. ಅದು ನಮ್ಮ ಕರಿಜಾಲಿಯೇ: ಜೋಡಿ ಬಿಳಿಮುಳ್ಳು, ಕಪ್ಪು ಬಿರುಕುತೊಗಟೆ, ಹಳದಿ ಚೆಂಡುಹೂ, ಮಣಿಸರದಂಥ ಕಾಯಿ. ಗಾಡಿಯ ಗಾಲಿಗೂ ನೇಗಿಲಿಗೂ ಒದಗಿದ ಮರ. ಪುರಂದರದಾಸರು ದುರ್ಜನರಿಗೆ ಹೋಲಿಸಿ ಅದಕ್ಕೆ ಕೆಟ್ಟ ಹೆಸರು ತಂದರು. ಆಡು ಮೇಯಿಸುವವರನ್ನು ಕೇಳಿದ್ದರೆ ಬೇರೆ ಪದ ಹುಟ್ಟುತ್ತಿತ್ತೇನೋ.

ಇಪ್ಪತ್ತನೆಯ ಶತಮಾನದ ಕೊನೆಗೆ ಈ ಕುಲವನ್ನು ಒಡೆಯಲೇಬೇಕು ಎಂದಾಯಿತು. ಏಷ್ಯಾ–ಆಫ್ರಿಕಾದ ಮುಳ್ಳಿನವು ಬೇರೆ, ಆಸ್ಟ್ರೇಲಿಯಾದ ಬಹುಪಾಲು ಮುಳ್ಳಿಲ್ಲದವು ಬೇರೆ. ನಿಯಮದಂತೆ ಹಳೆಯ ಹೆಸರು ಮಾದರಿ ಮರದ ಜೊತೆ, ಅಂದರೆ ಜಾಲಿಯ ಜೊತೆ ಉಳಿಯಬೇಕು. ಹಾಗಾದರೆ ಸಾವಿರ ವಾಟಲ್‌ಗಳ ಹೆಸರು ಬದಲಾಗಬೇಕು. ಆಸ್ಟ್ರೇಲಿಯಾದ ಇಬ್ಬರು ವಿದ್ವಾಂಸರು 2003ರಲ್ಲಿ ಮಾದರಿಯನ್ನೇ ಬದಲಿಸೋಣ ಎಂದರು. 2005ರಲ್ಲಿ ವಿಯೆನ್ನಾದ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಮತಕ್ಕೆ ಹಾಕಿದಾಗ ಶೇಕಡಾ 54.9 ಮತಗಳು ಬದಲಾವಣೆಗೆ ವಿರುದ್ಧ ಬಿದ್ದವು. ಆದರೂ ವಿರೋಧಿಗಳು ಸೋತರು! ಸಮಿತಿಯ ಶಿಫಾರಸನ್ನು ತಳ್ಳಿಹಾಕಲು ಶೇಕಡಾ 60 ಬೇಕಿತ್ತು. ಆಫ್ರಿಕಾದವರ ಅಸಮಾಧಾನ ಕೊನೆಗೂ ಆರಲಿಲ್ಲ. 2011ರಲ್ಲಿ ಮುಂದಿನ ಸಮ್ಮೇಳನ ಅದೇ ತೀರ್ಮಾನವನ್ನು ಉಳಿಸಿಕೊಂಡಿತು. ಅದು ನಡೆದದ್ದು ಮೆಲ್ಬರ್ನ್‌ನಲ್ಲಿ.

ಹೆಚ್ಚಿನ ಮರಗಳಿಗೆ ಹೆಸರು ಉಳಿದದ್ದು ಅನುಕೂಲ ನಿಜ. ಆದರೆ ಮುಳ್ಳಿನ ಅರ್ಥದ ಹೆಸರು ಮುಳ್ಳಿಲ್ಲದವುಗಳ ಪಾಲಾಯಿತಲ್ಲ ಎಂಬ ಕೊಂಕು ನನ್ನಿಂದ ಹೋಗಿಲ್ಲ. ಜಾಲಿ ಈಗ ವಾಚೆಲಿಯಾ ನಿಲೋಟಿಕಾ. ಸೀಗೆಯೂ ಕಾಚಿನ ಮರವೂ ಸೆನೆಗಾಲಿಯಾ ಕುಲಕ್ಕೆ ಹೋದವು. ವಾಚೆಲ್ ಎಂಬಾತ ಮಕಾವ್‌ನಲ್ಲಿದ್ದ ಇಂಗ್ಲಿಷ್ ಪಾದ್ರಿ, ಚೀನಾದ ಗಿಡಗಳನ್ನು ಸಂಗ್ರಹಿಸಿದವನು. ಆತನ ಹೆಸರಿನ ಈ ಕುಲವನ್ನು 1834ರಲ್ಲಿ ಮೊದಲು ಪ್ರಕಟಿಸಿದವರು ರಾಬರ್ಟ್ ವೈಟ್ ಮತ್ತು ಆರ್ನಟ್. ಪುಸ್ತಕ ಯಾವುದು ಗೊತ್ತೇ? ನಮ್ಮ ದಖ್ಖನ್ನಿನ ಪರ್ಯಾಯದ್ವೀಪದ ಸಸ್ಯಗಳದ್ದೇ.

ಹೋದ ಬೇಸಿಗೆಯಲ್ಲಿ ಚಿತ್ರದುರ್ಗದ ಕಡೆಯ ಒಂದು ಕೆರೆ ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರಿಗೆ ನನ್ನ ಚೀಲದಲ್ಲಿದ್ದ ಮಲೆನಾಡಿನ ಅಕೇಶಿಯಾ ಟೊಂಗೆಯನ್ನು ತೋರಿಸಿ, "ಇದೂ ಜಾಲಿಯ ಜಾತೀದೇ ಯಜಮಾನ್ರೇ" ಎಂದೆ. ಅವರು ಎಲೆ ತಿರುಗಿಸಿದರು, ಕಡ್ಡಿಯುದ್ದಕ್ಕೂ ಬೆರಳಾಡಿಸಿ ಮುಳ್ಳು ಹುಡುಕಿದರು, ಸಿಗಲಿಲ್ಲ. ಪಕ್ಕದ ಕುರಿಯ ಬಾಯಿಗೆ ಹಿಡಿದರು. ಅದು ಮೂಸಿ ಮುಖ ತಿರುಗಿಸಿತು. "ಅಲ್ಲ ಬಿಡ್ರಿ" ಎಂದು ಟೊಂಗೆಯನ್ನು ನನಗೆ ವಾಪಸ್ಸು ಕೊಟ್ಟರು.