ಸಾಲ ತೀರಿದ ದಿನ

ದೀಪಾವಳಿಗೆ ನಮ್ಮ ಕಡೆಯ ಅಂಗಡಿಗಳಲ್ಲಿ ಲಕ್ಷ್ಮೀಪೂಜೆಯ ಸಂಭ್ರಮ. ಹೊಸ ಖಾತೆ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ, ಮೊದಲ ಹಾಳೆಯಲ್ಲಿ ದೇವರ ಹೆಸರು ಬರೆದು ಆರತಿ ಎತ್ತುತ್ತಾರೆ. ಕೊಟ್ಟವರ ಪುಸ್ತಕಕ್ಕೆ ಹೀಗೆ ವರ್ಷಕ್ಕೊಮ್ಮೆ ಹಬ್ಬವಿದೆ. ಆ ಪುಸ್ತಕದಲ್ಲಿ ಹೆಸರು ಬರೆಸಿಕೊಂಡವರು ಕೊನೆಯ ಪೈಸೆ ಕಟ್ಟಿ ಹೆಸರು ಹೊಡೆಸಿಕೊಂಡ ದಿನಕ್ಕೆ ಮಾತ್ರ ಯಾವ ಹಬ್ಬವೂ ಇಲ್ಲ.

ಕಲಬುರಗಿ ಸೀಮೆಯಲ್ಲಿ ಎಳ್ಳಮಾವಾಸ್ಯೆ ದೊಡ್ಡ ಹಬ್ಬ. ಸಜ್ಜೆ ರೊಟ್ಟಿ, ಬಜ್ಜಿ, ಕಡಬು ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭೂತಾಯಿಯನ್ನು ನೆನೆಯುತ್ತೇವೆ. ಆದರೆ ಆಗ ಜೋಳ ಇನ್ನೂ ಹೊಲದಲ್ಲಿ ನಿಂತಿರುತ್ತದೆ. ಹಬ್ಬ ಮುಗಿದ ಮೇಲೆ ಸುಗ್ಗಿ, ಸುಗ್ಗಿ ಮುಗಿದ ಮೇಲೆ ಲೆಕ್ಕ. ಲೆಕ್ಕ ಚುಕ್ತಾ ಮಾಡಿದ ಗಂಡಸು ಮನೆಗೆ ಬಂದು ಕೈಕಾಲು ತೊಳೆದು ಸುಮ್ಮನೆ ಮಲಗುತ್ತಿದ್ದ. ಮದುವೆಗೆ, ಬೀಜಕ್ಕೆ, ಎತ್ತಿಗೆ ಎಂದು ಸದ್ದು ಮಾಡಿಕೊಂಡು ಮನೆಗೆ ಬಂದ ಸಾಲ, ಹೋಗುವಾಗ ಹೆಂಗಸರಿಗೆ ಗೊತ್ತಾಗದಂತೆ ಹೋಗುತ್ತಿತ್ತು. ಹೋಯಿತೋ ಇಲ್ಲವೋ ಎಂಬುದೂ ಎಷ್ಟೋ ಮನೆಗಳಲ್ಲಿ ಗೊತ್ತಿರುತ್ತಿರಲಿಲ್ಲ.

ಇದು ಯಾಕೆ ಹೀಗೆ ಎಂದು ನಾನು ಯೋಚಿಸತೊಡಗಿದ್ದು ಶಿಕ್ಷಕಿಯಾಗಿ ಕುಂಚಾವರಂ ಕಡೆ ಇದ್ದ ವರ್ಷಗಳಲ್ಲಿ. ಚಿಂಚೋಳಿ ತಾಲ್ಲೂಕಿನ ಈ ಊರು ಕಾಡಿನ ಮಗ್ಗುಲಲ್ಲಿದೆ. ಆ ಕಾಡು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವಾಯಿತು. ಸುತ್ತಲೂ ಲಂಬಾಣಿ ತಾಂಡಾಗಳು, ಆಚೆಗೆ ತೆಲಂಗಾಣದ ಗಡಿ. 1956ರ ನವೆಂಬರ್ 1ರವರೆಗೆ ಇಲ್ಲಿ ರಾಜ್ಯದ ಗಡಿಯೇ ಇರಲಿಲ್ಲ. ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಗುಲ್ಬರ್ಗಾ ಜಿಲ್ಲೆಗೇ ಸೇರಿದ್ದವು. ಆ ಎರಡನ್ನು ಅತ್ತ ಬಿಟ್ಟು ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಇಲ್ಲಿಯ ಬಾಯಿಮಾತಿನಲ್ಲಿ ಕನ್ನಡ, ತೆಲುಗು, ಲಂಬಾಣಿ, ಉರ್ದು ಕಲೆತಿರುವಂತೆ ಸಾಲದ ಶಬ್ದಗಳೂ ಕಲೆತಿವೆ.

ಸವಾಯಿ, ದೀಡಿ ಎಂಬ ಮಾತುಗಳನ್ನು ಹಿರಿಯರಿಂದ ನೀವೂ ಕೇಳಿರಬಹುದು. ಬಿತ್ತುವಾಗ ಸಾವುಕಾರನಿಂದ ಒಂದು ಚೀಲ ಜೋಳ ತಂದರೆ ಸುಗ್ಗಿಗೆ ಒಂದೂಕಾಲು ಚೀಲ ಅಳೆಯುವುದು ಸವಾಯಿ. ಒಂದೂವರೆ ಚೀಲ ಅಳೆಯುವುದು ದೀಡಿ. ಬಿತ್ತನೆಗೂ ಸುಗ್ಗಿಗೂ ನಡುವೆ ಕೆಲವೇ ತಿಂಗಳು. ಇದರ ಜೊತೆಗೆ ನಿಜಾಮರ ಕಾಲದಲ್ಲಿ ನಾಣ್ಯಗಳೂ ಎರಡು ಬಗೆ. ಹೈದರಾಬಾದಿನ ಹಾಲಿ ರೂಪಾಯಿ ಏಳಕ್ಕೆ ಬ್ರಿಟಿಷರ ಕಲ್ದಾರ್ ರೂಪಾಯಿ ಆರು. ಅಕ್ಷರ ಬಾರದ ಮನುಷ್ಯ ಯಾವ ರೂಪಾಯಿಯಲ್ಲಿ ತಂದ, ಯಾವುದರಲ್ಲಿ ತೀರಿಸಿದ ಎಂಬುದು ಬರೆದುಕೊಂಡವನಿಗೇ ಗೊತ್ತು. ತೀರಿಸಲಾಗದವನು ಜೀತಕ್ಕಿದ್ದ. ಸ್ವಾತಂತ್ರ್ಯಕ್ಕೆ ಮೊದಲೇ ನಿಜಾಮ ಸರ್ಕಾರ ಈ ಜೀತದ ಕರಾರುಗಳನ್ನು ಕಟ್ಟಳೆಯಿಂದ ತಡೆಯಲು ನೋಡಿತ್ತು. ಆದರೆ ಕಟ್ಟಳೆ ಕಾಗದದಲ್ಲಿತ್ತು, ಜೀತ ಹೊಲದಲ್ಲಿತ್ತು.

ಆ ಕಾಲದ ಸಾಲಕ್ಕೆ ಕೊನೆ ಎಲ್ಲಿದೆ ಎಂದು ಸಾಲಗಾರನಿಗೆ ತಿಳಿಯುತ್ತಿರಲಿಲ್ಲ. ಬಡ್ಡಿಗಿಂತ ದೊಡ್ಡ ಕಷ್ಟ ಅದೇ ಎಂದು ನನಗೆ ಅನ್ನಿಸುತ್ತದೆ. ದಾರಿ ಎಷ್ಟು ಉದ್ದವೆಂದು ತಿಳಿದರೆ ಹೊರೆ ಹೊತ್ತೂ ನಡೆಯಬಹುದು. ಊರು ಎಲ್ಲಿದೆಯೆಂದೇ ಗೊತ್ತಿಲ್ಲದವರಿಗೆ ಊರು ಮುಟ್ಟಿದ ಸಂತೋಷ ಎಲ್ಲಿಂದ ಬರಬೇಕು?

ಕೊನೆ ಕಾಣಿಸುವ ಸಾಲಕ್ಕೆ ದಾರಿ ಹುಡುಕಿದವರು ನಮ್ಮ ನಾಡಿನಲ್ಲಿ ಮೊದಲೇ ಇದ್ದರು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಆದರೆ ಆ ದಾರಿ ಹಳ್ಳಿಹಳ್ಳಿಗೆ ಮುಟ್ಟಲು ಬಹಳ ಕಾಲ ಹಿಡಿಯಿತು. ರಿಸರ್ವ್ ಬ್ಯಾಂಕ್ 1951–52ರಲ್ಲಿ ದೇಶದ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿಸಿದಾಗ, ರೈತರು ತಂದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರ. ನೂರಕ್ಕೆ ಸುಮಾರು ಎಪ್ಪತ್ತು ಬಂದದ್ದು ಲೇವಾದೇವಿಗಾರರಿಂದ.

ಮುಂದೆ 1975ರ ಅಕ್ಟೋಬರಿನಲ್ಲಿ ಜೀತ ರದ್ದಿನ ಸುಗ್ರೀವಾಜ್ಞೆ ಬಂತು. 1976ರಲ್ಲಿ ಅದು ಕಾಯಿದೆಯಾಯಿತು. ಅದೇ 1976ರಲ್ಲಿ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯಿದೆ ತಂದಿತು. ಸಣ್ಣ ರೈತರ, ಭೂಮಿಯಿಲ್ಲದ ಕೂಲಿಗಳ, ದುರ್ಬಲ ವರ್ಗದವರ ಹಳೆಯ ಸಾಲ ವಜಾ ಆಯಿತು. ಒತ್ತೆ ಇಟ್ಟ ಒಡವೆ, ಪಾತ್ರೆಗಳನ್ನು ಮರಳಿ ಕೊಡಬೇಕೆಂದೂ ಅದರಲ್ಲಿತ್ತು. ನಮ್ಮ ಅಜ್ಜಿಯ ಬೆಳ್ಳಿಯ ಡಾಬು ಮರಳಿ ಮನೆಗೆ ಬಂದದ್ದು ಆ ವರ್ಷವೇ. ಅಜ್ಜಿ ಅದನ್ನು ಬೂದಿ ಹಚ್ಚಿ ತಿಕ್ಕಿ, ಹಳೆಯ ಸೀರೆಯಲ್ಲಿ ಸುತ್ತಿ, ಜೋಳದ ಗುಮ್ಮಿಯಲ್ಲಿ ಹುಗಿದಿಟ್ಟಳಂತೆ. ಉಟ್ಟುಕೊಳ್ಳಲಿಲ್ಲ. “ಯಾಕವ್ವಾ?” ಎಂದು ಅಮ್ಮ ಕೇಳಿದರೆ, “ಉಟ್ರ ಕಾಣ್ತದ, ಕಂಡ್ರ ಮತ್ತ ಕೇಳ್ತಾರ” ಎಂದಳಂತೆ. ಮುಂದಿನ ಮಳೆಗಾಲಕ್ಕೆ ಬೀಜ ಬೇಕಿತ್ತು. ಬೀಜ ಕೊಡುವವನು ಅದೇ ಸಾವುಕಾರ. ಕಾಯಿದೆ ಹಳೆಯ ಸಾಲ ಅಳಿಸಿತು, ಹೊಸ ಸಾಲ ಎಲ್ಲಿ ಹುಟ್ಟಬೇಕೆಂದು ಹೇಳಲಿಲ್ಲ. 1978ರಲ್ಲಿ ಗುಲ್ಬರ್ಗಾದಲ್ಲಿ ಕೃಷ್ಣಾ ಗ್ರಾಮೀಣ ಬ್ಯಾಂಕು ಶುರುವಾದದ್ದು ಆ ಕೊರತೆ ತುಂಬಲೆಂದೇ. ಆದರೆ ಅಲ್ಲಿಯೂ ಪಹಣಿ ಗಂಡನ ಹೆಸರಿನಲ್ಲಿ, ಸಾಲ ಗಂಡನ ಹೆಸರಿನಲ್ಲಿ.

ಹೆಂಗಸಿನ ಹೆಸರಿನಲ್ಲಿ ಲೆಕ್ಕ ಶುರುವಾದದ್ದು ಸಂಘಗಳಿಂದ. ಎಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಇಂಥ ಚಿಕ್ಕ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ 500 ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗ ಹಮ್ಮಿಕೊಂಡಿತು. 2000–01ರಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಹತ್ತು ಹದಿನೈದು ಹೆಂಗಸರು ವಾರಕ್ಕೊಮ್ಮೆ ಕೂಡಿ ಹತ್ತೋ ಇಪ್ಪತ್ತೋ ಹಾಕುವುದು, ಬೇಕಾದವರಿಗೆ ಅದರಿಂದಲೇ ಕೊಡುವುದು, ಕೊಟ್ಟದ್ದನ್ನೂ ಬಂದದ್ದನ್ನೂ ಎಲ್ಲರೆದುರು ಓದಿ ಹೇಳುವುದು. ಬಡ್ಡಿಯೂ ಹೊರಗೆ ಹೋಗದೆ ಸಂಘದ ಗಂಟಿಗೇ ಸೇರುತ್ತದೆ. ನೋಡಲು ಸಣ್ಣ ಏರ್ಪಾಡು.

ಒಂದು ತಾಂಡಾದ ಸಭೆಯಲ್ಲಿ ನಾನು ಕುಳಿತಿದ್ದೆ. ಏಳನೇ ತರಗತಿ ಓದಿದ್ದ ಹುಡುಗಿಯೊಬ್ಬಳು ಲೆಕ್ಕ ಬರೆಯುತ್ತಿದ್ದಳು. ಅಂದು ಒಬ್ಬ ಹೆಂಗಸಿನ ಕೊನೆಯ ಕಂತು. ಮೇಸ್ತ್ರಿಯ ಮುಂಗಡ ತೀರಿಸಲು ಆಕೆ ಸಂಘದಿಂದ ಸಾಲ ಪಡೆದಿದ್ದಳು. ಮುಂಗಡ ತೀರದೆ ಇದ್ದರೆ ಮನೆಮಂದಿಯೆಲ್ಲ ಮತ್ತೆ ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಹೋಗಬೇಕಿತ್ತು, ಮಕ್ಕಳ ಶಾಲೆ ಬಿಡಿಸಬೇಕಿತ್ತು. ಹಣ ಎಣಿಸಿಕೊಟ್ಟು ಆಕೆ ಜಾಗ ಬಿಟ್ಟು ಕದಲಲಿಲ್ಲ. “ಹೆಸರು ಹೊಡಿ ಬಾಯಿ, ನಾ ನೋಡ್ತೀನಿ” ಎಂದಳು. ಹುಡುಗಿ ಕೆಂಪು ಶಾಯಿಯಿಂದ ಗೆರೆ ಎಳೆದಳು. ಓದು ಬಾರದ ಆಕೆ ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಸೆರಗಿನ ಗಂಟು ಬಿಚ್ಚಿ ಎಲ್ಲರಿಗೂ ಬೆಲ್ಲ ಹಂಚಿದಳು. ಒತ್ತೆಯಿಂದ ಬಿಡಿಸಿ ತಂದ ಬೆಳ್ಳಿಯ ಟೋಪ್ಲಿ, ಘುಗ್ರಿಗಳನ್ನು ಅಂದೇ ಕೂದಲಿಗೆ ಸಿಕ್ಕಿಸಿಕೊಂಡು ಬಂದಿದ್ದಳು.

ನಮ್ಮ ಅಜ್ಜಿ ಹುಗಿದಿಟ್ಟ ಬೆಳ್ಳಿಗೂ ಈಕೆ ತೊಟ್ಟ ಬೆಳ್ಳಿಗೂ ಇರುವ ಅಂತರವೇ ನಾನು ಹೇಳಹೊರಟ ಇತಿಹಾಸ. ಒಂದನ್ನು ಸರ್ಕಾರ ಬಿಡಿಸಿಕೊಟ್ಟಿತು, ಇನ್ನೊಂದನ್ನು ಆಕೆಯೇ ವಾರವಾರ ಎಣಿಸಿ ಬಿಡಿಸಿಕೊಂಡಳು. ಕಾಯಿದೆ ಬೇಡವೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಅಜ್ಜಿಯ ಡಾಬು ಸಾವುಕಾರನ ಪೆಟ್ಟಿಗೆಯಲ್ಲೇ ಕರಗಿಹೋಗುತ್ತಿತ್ತು. ಆದರೆ ಕೊನೆಯನ್ನು ತಾನೇ ಕಂಡವಳಿಗೆ ಮಾತ್ರ ಅದನ್ನು ತೊಟ್ಟು ತಿರುಗುವ ಧೈರ್ಯ.

ಈಗ ಮತ್ತೆ ಕಾಲ ತಿರುಗಿದೆ. ಸಂಘದಂತೆಯೇ ವಾರದ ಕಂತು, ಸಂಘದಂತೆಯೇ ಹತ್ತು ಹೆಂಗಸರ ಗುಂಪು, ಆದರೆ ಲೆಕ್ಕದ ಪುಸ್ತಕ ಮಾತ್ರ ಅವರ ಕೈಯಲ್ಲಿಲ್ಲ. ಇಂಥ ಸಾಲ ಹಳ್ಳಿಗೂ ಬಂದಿದೆ, ಪಟ್ಟಣದ ನಮ್ಮ ಓಣಿಗಳಿಗೂ ಬಂದಿದೆ. ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ. ಗಡಿಯಾಚೆ ಆಗಿನ ಆಂಧ್ರಪ್ರದೇಶದಲ್ಲಿ 2010ರಲ್ಲಿ ಈ ಕಿರುಕುಳ ಮಿತಿಮೀರಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕರ್ನಾಟಕದಲ್ಲಿ 2025ರಲ್ಲಿ ಕಿರುಸಾಲ ವಸೂಲಿಯ ಬಲವಂತ ತಡೆಯಲು ಕಾನೂನು ಬಂತು. ತಪ್ಪಿತಸ್ಥರಿಗೆ ಹತ್ತು ವರ್ಷದವರೆಗೆ ಜೈಲು ಎಂದು ಅದು ಹೇಳುತ್ತದೆ. 2022ರ ರಿಸರ್ವ್ ಬ್ಯಾಂಕ್ ನಿಯಮದಂತೆ, ಇಂಥ ಸಾಲ ಕೊಡುವಾಗ ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ದಾಟಬಾರದು. ಈ ಒಂದು ಮಾತನ್ನು ನೆನಪಿಟ್ಟುಕೊಂಡರೂ ಸಾಕು.

ಸಾಲ ತೀರಿದ ದಿನ ಹೋಳಿಗೆ ಮಾಡಿ, ಬೆಲ್ಲ ಹಂಚಿ, ಮಕ್ಕಳನ್ನು ಕರೆದು “ಇವತ್ತಿಗೆ ಮುಗೀತು” ಎಂದು ಹೇಳಿ. ಸಾಲವಿದ್ದದ್ದನ್ನು ಮಕ್ಕಳಿಂದ ಮುಚ್ಚಿಟ್ಟರೂ ಅವರಿಗೆ ಅದು ಹೇಗೋ ತಿಳಿದಿರುತ್ತದೆ, ತೀರಿದ್ದೂ ತಿಳಿಯಲಿ. ಸಂಭ್ರಮವೇ ಇನ್ನೊಂದು ಸಾಲಕ್ಕೆ ನೆಪವಾಗದಿದ್ದರೆ ಸರಿ. ಆದರೆ ಹೋಳಿಗೆಗೆ ಮೊದಲು ಒಂದು ಕೆಲಸವಿದೆ. ಬ್ಯಾಂಕಿನಿಂದ ಸಾಲ ಬಾಕಿಯಿಲ್ಲ ಎಂಬ ಪತ್ರ ಕೇಳಿ ಪಡೆಯಿರಿ. ಹೊಲದ ಮೇಲಿನ ಸಾಲವಾಗಿದ್ದರೆ ಹೊಸ ಪಹಣಿ ತೆಗೆಸಿ ಹನ್ನೊಂದನೇ ಕಲಂ ನೋಡಿ. ಋಣಗಳನ್ನು ಬರೆಯುವ ಜಾಗ ಅದು, ನಮ್ಮ ಕಡೆ ಬೋಜಾ ಎನ್ನುತ್ತೇವೆ. ಹಣ ಕಟ್ಟಿ ವರ್ಷಗಳಾದರೂ ಅಲ್ಲಿ ಬೋಜಾ ಹಾಗೆಯೇ ಕೂತಿರುವ ಹೊಲಗಳು ಬೇಕಾದಷ್ಟಿವೆ. ಅದನ್ನು ಕಡಿಮೆ ಮಾಡಿಸಿ, ಖಾಲಿಯಾದ ಆ ಕಲಮನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಆಮೇಲೆ ಕಣಕ ನಾದಿ.