ವಿದ್ಯಾದಾನ ಮತ್ತು ವಿದ್ಯಾರ್ಥಿಯ ಯೋಗ್ಯತೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವು ಆಧುನಿಕ ಕಾಲದಲ್ಲಿ ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನಗಳ ರೂಪ ತಳೆದಿದೆ. ಅಗಲಿದ ಹಿರಿಯರ ಹೆಸರಿನಲ್ಲಿ ದತ್ತಿಯಿಟ್ಟು, ಅಂಕ ಮತ್ತು ನಾಯಕತ್ವಗಳೆರಡನ್ನೂ ಪರಿಗಣಿಸಿ ವಿದ್ಯಾರ್ಥಿಗಳನ್ನು ಆರಿಸುವುದುಂಟು. ಅಂಕಗಳು ಪಟ್ಟಿಯಲ್ಲಿ ಕಾಣುತ್ತವೆ. ನಾಯಕತ್ವವನ್ನು ಅಳೆಯುವ ಬಗೆ ಯಾವುದು? ಜೈನ ಸಮಾಜದ ಇತಿಹಾಸವೇ ಇದಕ್ಕೊಂದು ಉತ್ತರವನ್ನು ಕಾದಿರಿಸಿದೆ.

ಮುಂಬಯಿಯ ಸೇಠ್ ಮಾಣಿಕಚಂದ್ ಹೀರಾಚಂದ್ (1851–1914) ಅವರು ತಂದೆಯ ಸ್ಮರಣಾರ್ಥವಾಗಿ ಆ ನಗರದಲ್ಲಿ ಹೀರಾಚಂದ್ ಗುಮಾನಜಿ ಜೈನ ಬೋರ್ಡಿಂಗನ್ನು ಸ್ಥಾಪಿಸಿದರು. 1899ರಲ್ಲಿ ನಿಪ್ಪಾಣಿಯ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಜನ್ಮ ತಾಳಿತು. ಕೊಲ್ಲಾಪುರ, ಸಾಂಗ್ಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಜೈನ ವಿದ್ಯಾರ್ಥಿಗಳಿಗೆ ಆಶ್ರಯ ದೊರೆಯಿತು. ಕೊಲ್ಲಾಪುರದ ನಿಲಯದ ಹೊಣೆ ಸಭೆಯ ಸ್ಥಾಪಕರಲ್ಲೊಬ್ಬರಾದ ಅಣ್ಣಾಸಾಹೇಬ ಲಠ್ಠೆಯವರದಾಗಿತ್ತು.

ಆ ನಿಲಯದಲ್ಲಿ ಕುಂಭೋಜದ ಭಾವುರಾವ್ ಪಾಟೀಲ (1887–1959) ಎಂಬ ಬಾಲಕನಿದ್ದನು. ಓದಿನಲ್ಲಿ ಹಿಂದುಳಿದವನು, ಮೆಟ್ರಿಕ್ ತೇರ್ಗಡೆಯಾಗಲಿಲ್ಲ. 1908ರಲ್ಲಿ ಅಸ್ಪೃಶ್ಯರೆನಿಸಿದ್ದ ವಿದ್ಯಾರ್ಥಿಗಳಿಗಾಗಿ ಕೊಲ್ಲಾಪುರದಲ್ಲಿ ತೆರೆದ ಮಿಸ್ ಕ್ಲಾರ್ಕ್ ವಸತಿಗೃಹದ ಸಮಾರಂಭಕ್ಕೆ ಆತನು ಹೋಗಿ ಬಂದನು. ಶುದ್ಧಿಸ್ನಾನ ಮಾಡಬೇಕೆಂದು ಲಠ್ಠೆಯವರು ಆಜ್ಞಾಪಿಸಿದಾಗ ಒಪ್ಪಲಿಲ್ಲ, ನಿಲಯವನ್ನು ಬಿಡಬೇಕಾಯಿತು.

ಮುಂದೆ 1914ರಲ್ಲಿ ಕೊಲ್ಲಾಪುರದ ರಾಜಪ್ರತಿಮೆಗೆ ಡಾಂಬರು ಬಳಿದ ಪ್ರಕರಣ ನಡೆಯಿತು. ಲಠ್ಠೆಯವರ ವಿರುದ್ಧ ಸುಳ್ಳು ಸಾಕ್ಷ್ಯ ನುಡಿಯಬೇಕೆಂದು ಭಾವುರಾಯರ ಮೇಲೆ ಒತ್ತಡ ಬಂದಿತು. ತನ್ನನ್ನು ಹೊರಗೆ ಹಾಕಿದವರ ಮೇಲೆ ಹಗೆ ತೀರಿಸಿಕೊಳ್ಳಲು ಅದು ಸುಲಭದ ಅವಕಾಶ. ಅವರು ಸೆರೆವಾಸವನ್ನು ಸಹಿಸಿದರೇ ಹೊರತು ಸುಳ್ಳಾಡಲಿಲ್ಲ. ಸತ್ಯಾಣುವ್ರತಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆಯನ್ನು ಯಾವ ವಿಶ್ವವಿದ್ಯಾನಿಲಯವೂ ಒಡ್ಡಲಾರದು.

1919ರಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. 1922ರಲ್ಲಿ ನಿಧನರಾದ ಶಾಹು ಮಹಾರಾಜರ ಹೆಸರಿನಲ್ಲಿ ಸಾತಾರೆಯಲ್ಲಿ ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಂಡರು, ದುಡಿದು ಕಲಿತರು. ಮಕ್ಕಳ ಅನ್ನಕ್ಕೆ ಹಣವಿಲ್ಲದಾಗ ಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳ ಜೊತೆಗೆ ಮಾಂಗಲ್ಯವನ್ನೂ ಕೊಟ್ಟರು. ಆ ತಾಯಿಯ ಸ್ಮರಣೆಗೆ ಬಡ ವಿದ್ಯಾರ್ಥಿಗಳ ಉಚ್ಚಶಿಕ್ಷಣಕ್ಕೆ ಸಾಲ ನೀಡುವ ಸಹಕಾರಿ ನಿಧಿಯೇ ಏರ್ಪಟ್ಟಿತು. ಮೆಟ್ರಿಕ್ ಮುಗಿಸದ ಭಾವುರಾಯರಿಗೆ 1959ರಲ್ಲಿ ಪುಣೆ ವಿಶ್ವವಿದ್ಯಾನಿಲಯವು ಗೌರವ ಡಿ.ಲಿಟ್. ಪದವಿಯನ್ನಿತ್ತಿತು.

ಇದರಿಂದ ಲಠ್ಠೆಯವರ ಹಿರಿಮೆ ಕುಂದುವುದಿಲ್ಲ. ಅವರು ಕಟ್ಟಿದ ನಿಲಯವಿಲ್ಲದಿದ್ದರೆ ಕುಂಭೋಜದ ಬಾಲಕನಿಗೆ ಕೊಲ್ಲಾಪುರದಲ್ಲಿ ನೆಲೆಯೆಲ್ಲಿತ್ತು? ಆದರೆ ನಿಯಮಪಾಲನೆಯೊಂದನ್ನೇ ಯೋಗ್ಯತೆಯೆಂದೆಣಿಸಿದ ವ್ಯವಸ್ಥೆಯು ತನ್ನ ಅತ್ಯುತ್ತಮ ವಿದ್ಯಾರ್ಥಿಯನ್ನೇ ಗುರುತಿಸದೆ ಹೋಯಿತೆಂಬುದೂ ನಿಜ.

ಜಯಪುರ, ಕೊಪ್ಪ, ಶೃಂಗೇರಿಗಳ ಮಲೆನಾಡ ಮಕ್ಕಳು ಉಚ್ಚಶಿಕ್ಷಣಕ್ಕೆ ದೂರದ ಪಟ್ಟಣಗಳಿಗೆ ಹೋಗಬೇಕಾಗುತ್ತದೆ. ಅವರಿಗಾಗಿ ಸ್ಮಾರಕ ದತ್ತಿಯನ್ನಿಡಬಯಸುವ ಕುಟುಂಬಗಳೂ ಬಸದಿಗಳ ಆಡಳಿತ ಮಂಡಲಿಗಳೂ ಅಂಕಪಟ್ಟಿಯ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಬೇಕು: ಈ ವಿದ್ಯಾರ್ಥಿಯು ಹಿಂದುಳಿದ ಸಹಪಾಠಿಯ ಕೈಹಿಡಿದಿದ್ದಾನೆಯೆ? ನಷ್ಟವಾಗುವಾಗಲೂ ಸತ್ಯಕ್ಕೆ ನಿಂತಿದ್ದಾನೆಯೆ? ಹಾಗೆ ನಿಂತವನನ್ನು ಕೈಬಿಡದಿರುವುದೇ ಅಭಯದಾನ. ಶಾಸ್ತ್ರದಾನವು ಅದರೊಡನೆ ಕೂಡಿದಾಗಲೇ ಪೂರ್ಣವಾಗುತ್ತದೆ.