ಗದ್ದೆ ಏಡಿ ಮೇಲೆ ಹೊರಿಸಿದ ತಪ್ಪು

ಮಳೆ ಹಿಡೀತು ಅಂದ್ರೆ ನಮ್ಮನೇಲಿ ಏಡಿ ಸಾರು ಆಗ್ಲೇಬೇಕು. ಮೊನ್ನೆ ಏಡಿ ಕುಟ್ತಾ ಕೂತಿದ್ದಾಗ ಪಕ್ಕದ್ಮನೆ ಅಕ್ಕ ಬಂದು, "ಗದ್ದೆ ಏಡಿ ತಿಂದ್ರೆ ಸೊಂಟ ಬೀಳುತ್ತಂತೆ ಕಣೇ, ಸಾಗರದ ಕಡೆ ಹಂಗಾಗಿತ್ತಂತೆ" ಅಂದ್ರು. ಚಿಕ್ಕವಳಿದ್ದಾಗ ನಾನೂ ಈ ಮಾತು ಕೇಳಿದ್ದೆ. ಅದ್ರ ಹಿಂದಿನ ಕತೆ ಹೇಳ್ತೀನಿ.

ಸಾಗರ ತಾಲ್ಲೂಕಲ್ಲಿ ಹಂದಿಗೋಡು ಅಂತ ಒಂದೂರು. 1975ರ ಹೊತ್ತಿಗೆ ಅಲ್ಲಿಯ ಕಾಯಿಲೆ ಹೊರಗಿನವರ ಕಣ್ಣಿಗೆ ಬಿತ್ತು. ಮೊದ್ಲು ಸೊಂಟ, ಮಂಡಿ ನೋವು. ಬರ್ತಾ ಬರ್ತಾ ಕೀಲು ಸವೆದು ಕೋಲಿಲ್ದೆ ನಡೆಯೋಕಾಗಲ್ಲ. ಕೆಲವ್ರು ಎತ್ತರಕ್ಕೇ ಬೆಳೆಯಲ್ಲ. ಬಂದಿದ್ದು ಚನ್ನಂಗಿ, ಛಲವಾದಿ ಜನಕ್ಕೆ, ಹೆಚ್ಚಿನವ್ರು ಗದ್ದೆ ಕೂಲಿಯವ್ರು. ನಮ್ಮ ಚಿಕ್ಕಮಗಳೂರು ಜಿಲ್ಲೇಲೂ ಈ ಕಾಯಿಲೆ ಸಿಕ್ಕಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವ್ರು ಬಂದು ಪರೀಕ್ಷೆ ಮಾಡಿದ್ರು. ಬಡವ್ರು ಗದ್ದೆ ಏಡಿ ಹಿಡಿದು ತಿಂತಾರೆ, ಗದ್ದೆಗೆ ಹೊಡೆದ ಕೀಟನಾಶಕ ಏಡಿಯಿಂದ ಮೈ ಸೇರಿರ್ಬೇಕು ಅಂತ ಆಗ ಅನುಮಾನ ಬಂತು. ಆಮೇಲೆ ಗೊತ್ತಾಯ್ತು, ಇದು ವಂಶದಲ್ಲಿ ಇಳಿದು ಬರೋ ಮೂಳೆ ದೋಷ ಅಂತ. ಅಪ್ಪ ಅಮ್ಮನಲ್ಲಿ ಒಬ್ರಿಗಿದ್ರೂ ಸಾಕು, ಹುಟ್ಟೋ ಪ್ರತಿ ಮಗುಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಸಣ್ಣ ಸಮುದಾಯ, ಕೊಡೋದು ತರೋದು ಒಳಗೊಳಗೇ, ಹಂಗಾಗಿ ಅಲ್ಲೇ ಉಳೀತು.

ಕಾಯಿಲೆ ರಕ್ತದಿಂದ ಬಂತು ಸರಿ, ಹಸಿವು ಎಲ್ಲಿಂದ ಬಂತು? ಜಮೀನಿದ್ದೋರು ಸೊಂಟ ಬಿದ್ರೆ ಜಗಲೀಲಿ ಕೂತು ಆಳು ಮಾಡಿಸ್ತಾರೆ. ಬಗ್ಗಿ ನಟ್ಟಿ ಮಾಡೋಕಾಗದ ಕೂಲಿಯವ್ರಿಗೆ ಅವತ್ತಿನ ಅಕ್ಕಿ ಇಲ್ಲ.

ನಮ್ಮಲ್ಲಿ ಹಣ್ಣು ಕುಯ್ಯೋಕೆ ಬರ್ತಿದ್ದ ಒಬ್ಬ ಹೆಂಗಸು ಸೊಂಟ ಹಿಡ್ಕೊಂಡೇ ದರೆ ಹತ್ತೋರು. ಕೇಜಿ ಲೆಕ್ಕದ ಕೂಲಿ, ಅವ್ರ ಚೀಲ ಯಾವಾಗ್ಲೂ ಅರ್ಧ. ಅವ್ರಿಗೆ ಏನಾಗಿತ್ತೋ, ನಾವ್ಯಾರೂ ಕೇಳ್ಲಿಲ್ಲ. 'ಮೈಗಳ್ಳಿ' ಅಂತ ನಗ್ತಿದ್ವಿ. ನಾನೂ ನಕ್ಕಿದ್ದೀನಿ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

1995ರ ಅಂಗವಿಕಲರ ಕಾನೂನಲ್ಲಿ 7 ಬಗೆ ಇತ್ತು. 2016ರ ಕಾನೂನಲ್ಲಿ 21 ಆಗಿದೆ, ಕುಬ್ಜತೆನೂ ಸೇರಿದೆ. ನೂರಕ್ಕೆ 40 ಅಂತ ಸರ್ಟಿಫಿಕೇಟ್ ಸಿಕ್ರೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಉಂಟು. ಆದ್ರೆ ಕಳಸದ ಮೂಲೆಯಿಂದ ಚಿಕ್ಕಮಗಳೂರಿಗೆ ಹೋಗೋಕೆ ಒಂದಿನದ ಕೂಲಿ ಬಿಡ್ಬೇಕು, ಬಸ್ಸಿನ ಮೆಟ್ಟಿಲು ಹತ್ಬೇಕು, ಅರ್ಜಿ ಬರ್ಕೊಡೋರು ಬೇಕು. ನಮ್ಮಂಥೋರು ಒಂದಿನ ಜೊತೇಲಿ ಹೋಗ್ಬೋದಲ್ವಾ?

ಏಡಿ ಸಾರಿಗೆ ಹೆದರ್ಬೇಡಿ. ಔಷಧಿ ಹೊಡೆದ ಗದ್ದೇದು ಬೇಡ, ಅಷ್ಟೆ. ಸೊಂಟ ನೋವು ಅಂದವ್ರನ್ನ ಮಾತ್ರ ಕೂರಿಸಿ, ಏನಾಯ್ತು ಅಂತ ಕೇಳಿ.